ಧರ್ಮಕ್ಕೆ ಕೊಟ್ಟ ದಟ್ಟಿ

"ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ" ಅನ್ನುವುದು ನಮ್ಮತ್ತೆಯವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಗಾದೆ. ಪುಕ್ಕಟೆ ಸಿಕ್ಕಿದ ಬಟ್ಟೆಯ ಉದ್ದ ಅಳೆಯುವ ಆ ಹೆಂಗಸು ಎಂಥವಳಿರಬಹುದು ಎಂದು ನಾನು ಆಗ ನಗುತ್ತಿದ್ದೆ. ಹೋದ ದೀಪಾವಳಿಯಿಂದೀಚೆಗೆ ಗೊತ್ತಾಯಿತು ನೋಡಿ, ಹೊಳೆನರಸೀಪುರದ ನಮ್ಮ ಮನೆಯ ಹಿತ್ತಲಲ್ಲಿ ಮೊಳ ಹಾಕುತ್ತ ನಿಂತವಳು ನಾನೇ! ದಟ್ಟಿಯ ಹೆಸರು ಲಿನಕ್ಸ್.

ಹೆದರಬೇಡಿ, ಇದು ಕಂಪ್ಯೂಟರ್ ಪಾಠವಲ್ಲ. ಪಾಠ ಹೇಳುವಷ್ಟು ನನಗೂ ಬರದು. ಎಸ್ಸೆಸ್ಸೆಲ್ಸಿ ಆದಮೇಲೆ ಟೈಪ್‌ರೈಟಿಂಗ್ ಸೀನಿಯರ್ ಪಾಸು ಮಾಡಿಕೊಂಡು, ಮದುವೆಯಾಗಿ ಬಂದು, ಆ ಬೆರಳುಗಳಿಂದ ಮೂವತ್ತು ವರ್ಷ ಮುದ್ದೆ ಕಟ್ಟಿದವಳು ನಾನು. ಮಗ ಪಿ.ಯು.ಸಿ. ಓದುವಾಗ ಮನೆಗೆ ಕಂಪ್ಯೂಟರ್ ಬಂತು. ಅವನು ಆಟ ಆಡಿ ಬಿಟ್ಟ ಹೊತ್ತಿನಲ್ಲಿ ನಾನು ಕೂತು 'ನುಡಿ'ಯಲ್ಲಿ ಕನ್ನಡ ಬೆರಳಚ್ಚು ಕಲಿತೆ. ಕನ್ನಡ ಗಣಕ ಪರಿಷತ್ತಿನವರು ಮಾಡಿಕೊಟ್ಟ ಆ ನುಡಿ ಎಷ್ಟು ಸಲೀಸು ಅಂತೀರಿ! ಎಫ್ ಕೀಲಿ ಒತ್ತಿದರೆ ಒತ್ತಕ್ಷರ. ನಾಲ್ಕು ದಿನದಲ್ಲಿ ಕೈ ಕುದುರಿತು. ಕೆ.ಪಿ. ರಾಯರು ಅಕ್ಷರಗಳನ್ನು ಕೀಲಿಗಳ ಮೇಲೆ ಹಂಚಿದ ಜಾಣತನವೇ ಅದಕ್ಕೆ ಆಧಾರವಂತೆ. ಅವರಿಗೊಂದು ನಮಸ್ಕಾರ.

ಕೈ ಕುದುರಿದ ಮೇಲೆ ಏನಾದರೂ ಟೈಪು ಮಾಡಬೇಕಲ್ಲ. ಅತ್ತೆ ಇದ್ದರು. ಅರಕಲಗೂಡು ಸೀಮೆಯ ಹೆಣ್ಣು. ಮದುವೆಮನೆಗಳಲ್ಲಿ ಅವರನ್ನು ಕರೆಸಿ ಹಸೆಗೆ ಕೂರಿಸುವ ಹಾಡು ಹೇಳಿಸುತ್ತಿದ್ದರು. ಅವರು ಓದು ಕಲಿತವರಲ್ಲ. ಹಾಡೆಲ್ಲ ಬಾಯಲ್ಲೇ. 2010 ಮತ್ತು 11ರಲ್ಲಿ ಮಧ್ಯಾಹ್ನ ಊಟ ಆದಮೇಲೆ ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಅವರು ಹೇಳುವುದು, ನಾನು ಕುಟ್ಟುವುದು. ಹಾಡಿನ ಜೊತೆಗೆ ಅಡಿಗೆಯೂ ಬಂತು. ಹಿದುಕಿದ ಬೇಳೆ ಸಾರು, ಹೆರಳೆಕಾಯಿ ಗೊಜ್ಜು, ಬಾಣಂತಿಗೆ ಕೊಡುವ ಖಾರ. "ಬೆಲ್ಲ ಎಷ್ಟು ಅತ್ತೆ?" ಅಂದರೆ "ಹಿಡಿಸೋಷ್ಟು" ಅನ್ನುವರು. "ಎಷ್ಟು ಹೊತ್ತು ಕುದಿಸಬೇಕು?" ಅಂದರೆ "ಹದಕ್ಕೆ ಬರೋಗಂಟ." ನನಗೆ ರೇಗುತ್ತಿತ್ತು. ಆದರೂ ಅವರು ಅಂದದ್ದನ್ನೆಲ್ಲ, ಮಧ್ಯೆ ಗದರಿದ್ದನ್ನೂ ಬಿಡದೆ, ಹಾಗೇ ಟೈಪು ಮಾಡಿದೆ. ಒಟ್ಟು 140 ಪುಟ. ಅತ್ತೆ 2014ರಲ್ಲಿ ಹೋದರು. ಕಡತ ಯಂತ್ರದಲ್ಲಿ ಉಳಿಯಿತು. ಅಚ್ಚು ತೆಗೆದಿಟ್ಟುಕೊಳ್ಳಬೇಕು ಅಂತ ಯಾರಿಗೂ ತೋಚಲಿಲ್ಲ. ಯಂತ್ರದಲ್ಲೇ ಇದೆಯಲ್ಲ, ಎಲ್ಲಿಗೆ ಹೋಗುತ್ತೆ?

ಹೋದ ವರ್ಷ, ಅಂದರೆ 2025ರಲ್ಲಿ, ಆ ಯಂತ್ರಕ್ಕೆ ಗ್ರಹಚಾರ ಬಂತು. ಅದರೊಳಗಿದ್ದ ವಿಂಡೋಸ್ 10ಕ್ಕೆ ಅಕ್ಟೋಬರ್ 14ರ ನಂತರ ಬೆಂಬಲವಿಲ್ಲ ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿತು. ಹೊಸ ಆವೃತ್ತಿ ಹಾಕೋಣವೆಂದರೆ ಯಂತ್ರ ಹಳೆಯದು, ಒಗ್ಗುವುದಿಲ್ಲ. ಹಾಸನದ ಅಂಗಡಿಯವರು ಒಂದೇ ಮಾತಿನಲ್ಲಿ ಹೇಳಿದರು. "ಇದನ್ನ ಗುಜರಿಗೆ ಹಾಕಿ ಮೇಡಂ, ಹೊಸದು 35,000ಕ್ಕೆ ಬರುತ್ತೆ." ನಮ್ಮವರು ನಿವೃತ್ತರು. ಆ ಮೊತ್ತ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ.

ಅದೇ ವಾರ ಹಾಸನಾಂಬೆಯ ಬಾಗಿಲು ತೆರೆದಿತ್ತು. ದರ್ಶನಕ್ಕೆ ಅಂತ ಬೆಂಗಳೂರಿನಿಂದ ಮೈದುನನ ಮಗ ಬಂದ. ದೊಡ್ಡ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗ. "ದೊಡ್ಡಮ್ಮ, ಇದಕ್ಕೆ ಲಿನಕ್ಸ್ ಹಾಕ್ತೀನಿ, ಇನ್ನೂ ಐದು ವರ್ಷ ಓಡುತ್ತೆ. ಕಾಸಿಲ್ಲ ಕರಿಮಣಿ ಇಲ್ಲ" ಅಂದ. ನನಗೇನು ಗೊತ್ತು, ಹೂಂ ಅಂದೆ. ಒಂದೂವರೆ ಗಂಟೆಯಲ್ಲಿ ಹಾಕಿಯೇಬಿಟ್ಟ. ನನ್ನ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ತೆಗೆದು, ಮತ್ತೆ ಅದರೊಳಗೆ ಸುರಿದು, ಒಬ್ಬಟ್ಟು ತಿಂದು, ರಾತ್ರಿ ಬಸ್ಸಿಗೆ ಹೊರಟ.

ಹೋಗುವ ಮುಂಚೆ ಅದರ ಚರಿತ್ರೆ ಹೇಳಿದ. ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ 1991ರಲ್ಲಿ ಬರೀ ಹವ್ಯಾಸಕ್ಕೆಂದು ಶುರು ಮಾಡಿದನಂತೆ. ಅದಕ್ಕೂ ಮುಂಚೆ ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೆರಿಕದವರು 1983ರಲ್ಲೇ, ಬರೆದ ಪ್ರೋಗ್ರಾಂ ಎಲ್ಲರದೂ ಆಗಬೇಕು ಎಂದು ಪಣ ತೊಟ್ಟರಂತೆ. ಅದಕ್ಕೆ ಒಂದು ಕಾರಣ ಪ್ರಿಂಟರ್! ಅವರ ಪ್ರಯೋಗಾಲಯದ ಪ್ರಿಂಟರಿನಲ್ಲಿ ಆಗಾಗ್ಗೆ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸರಿಮಾಡೋಣವೆಂದು ಅದರ ಪ್ರೋಗ್ರಾಂ ಬರಹ ಕೇಳಿದರೆ, ಕೊಡುವುದಿಲ್ಲ ಅಂದರು. ಆ ಸಿಟ್ಟಿನಿಂದ ಒಂದು ಚಳವಳಿಯೇ ಹುಟ್ಟಿತು. ಈಗ ಪ್ರಪಂಚದ ಅತಿ ದೊಡ್ಡ 500 ಸೂಪರ್ ಕಂಪ್ಯೂಟರುಗಳೂ, ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನೂ ಓಡುವುದು ಲಿನಕ್ಸ್ ಮೇಲೆಯೇ.

"ತೊಂದರೆ ಆದ್ರೆ ಯಾರನ್ನ ಕೇಳಲಪ್ಪ?" ಎಂದೆ.

"ಪ್ರಪಂಚವೆಲ್ಲ ಇದೆ ದೊಡ್ಡಮ್ಮ. ಬಳಸೋರೇ ಬಳಸೋರಿಗೆ ಸಹಾಯ ಮಾಡ್ತಾರೆ. ಕೇಳೋದು ತಡ, ಹೇಳ್ತಾರೆ."

ಕೇಳುವುದು ತಡವಾಗಲಿಲ್ಲ.

ಕಾರ್ತಿಕದಲ್ಲಿ ಚನ್ನರಾಯಪಟ್ಟಣದಿಂದ ನಾದಿನಿಯ ಫೋನು. ಮಗಳ ಮದುವೆ ಮಾಘಮಾಸಕ್ಕೆ ಗೊತ್ತಾಗಿದೆ. "ಅತ್ತಿಗೆ, ಅಮ್ಮನ ಹಾಡೆಲ್ಲ ನಿಮ್ಮ ಹತ್ರ ಇದೆಯಲ್ಲ, ಒಂದು ಪುಟ್ಟ ಪುಸ್ತಕ ಮಾಡಿಸೋಣ. ತಾಂಬೂಲದ ಜೊತೆ ಕೊಡೋಣ." ನನಗೂ ಹಿಗ್ಗಾಯಿತು. ಅಡಿಗೆ ಪೂರೈಸಿ ಕಡತ ತೆರೆದೆ.

ಕನ್ನಡವೇ ಇಲ್ಲ!

ಪುಟದ ತುಂಬ ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ಎ ಅಕ್ಷರಗಳು. ಮಧ್ಯೆ ಮಧ್ಯೆ ಇಂಗ್ಲೆಂಡಿನ ಪೌಂಡಿನ ಗುರುತು, ಗಳಿಗೆಗೊಂದು ಕ್ಯೂ. ಇಲಿ ಓಡಾಡಿದ ರಂಗೋಲಿ ಥರ. ಎರಡನೆಯ ಪುಟ ನೋಡಿದೆ, ನೂರನೆಯ ಪುಟ ನೋಡಿದೆ. ಎಲ್ಲ ಅದೇ. ಕೈಕಾಲು ತಣ್ಣಗಾಯಿತು. ಒಲೆಯ ಮೇಲಿದ್ದ ಹಾಲು ಉಕ್ಕಿ ಸೀದ ವಾಸನೆ ಬಂದಮೇಲೇ ಎದ್ದದ್ದು.

ಮೈದುನನ ಮಗನಿಗೆ ಫೋನು ಮಾಡಿದೆ. ಪಾಪ, ಅವನಿಗೆ ರಾತ್ರಿ ಪಾಳಿ, ಹಗಲು ನಿದ್ದೆ. "ಫಾಂಟ್ ಪ್ರಾಬ್ಲಮ್ ಇರ್ಬೇಕು ದೊಡ್ಡಮ್ಮ, ಕಮ್ಯೂನಿಟೀಲಿ ಕೇಳಿ" ಅಂದು, ಎಲ್ಲಿ ಬರೆಯಬೇಕು ಎಂದು ಹೇಳಿಕೊಟ್ಟ. ಹಾಸನದ ಅಂಗಡಿಗೆ ಮತ್ತೆ ಹೋದೆ. ಅವರು ನನ್ನ ಮುಖವನ್ನು ನೋಡದೇ, "ಲಿನಕ್ಸಾ? ನಾವು ಅದನ್ನ ಮುಟ್ಟಲ್ಲ" ಅಂದರು. ಮಡಿ ಬಟ್ಟೆ ಅಂದುಕೊಂಡರೋ ಏನೋ.

ಸರಿ, ಬಳಗಕ್ಕೆ ಬರೆದೆ. ಗೊತ್ತಿದ್ದ ಇಂಗ್ಲಿಷಿನಲ್ಲಿ ನಾಲ್ಕು ಸಾಲು: ಸ್ವಾಮಿ, ನನ್ನ ಕನ್ನಡ ಕೆಟ್ಟಿದೆ, ದಯವಿಟ್ಟು ಸರಿಮಾಡಿ. ನಾಲ್ಕು ದಿನ ಸದ್ದಿಲ್ಲ. ಐದನೆಯ ದಿನ ಒಬ್ಬರು, "ಯಾವ ಆವೃತ್ತಿ?" ಎಂದರು. ಅಷ್ಟೇ, ಎರಡು ಪದ. ಯಾವ ಆವೃತ್ತಿ ಎಂದು ಕಂಡುಹಿಡಿಯಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಉತ್ತರ ಬರೆದೆ. ಆ ಮಹಾನುಭಾವರು ಮತ್ತೆ ಬರಲೇ ಇಲ್ಲ. ಇನ್ನೊಬ್ಬರು, ಕನ್ನಡ ಅಕ್ಷರಗಳು ಲಿನಕ್ಸಿನಲ್ಲಿ ಮೊದಲೇ ಇರುತ್ತವೆ, ನಮ್ಮಲ್ಲಿ ಚೆನ್ನಾಗಿ ಕಾಣುತ್ತವೆ, ನಿಮ್ಮದೇ ಏನೋ ತಪ್ಪು ಎಂದರು. ಅದೂ ನಿಜವೇ. ಕನ್ನಡದ ಪತ್ರಿಕೆ, ಸುದ್ದಿ ಎಲ್ಲ ನನ್ನ ಪರದೆಯ ಮೇಲೂ ಮುತ್ತಿನಂತೆ ಕಾಣುತ್ತಿತ್ತು. ನನ್ನ ಅತ್ತೆಯ ಹಾಡು ಮಾತ್ರ ಕಾಣದು. ಪರದೆಯ ಫೋಟೋ ತೆಗೆದು ಕಳಿಸಿದರೆ, ಫೋಟೋ ಬೇಡ, ಅಕ್ಷರದಲ್ಲಿ ಕೊಡಿ ಎಂದು ಗದರಿಕೆ. ಅಕ್ಷರವೇ ಹಾಳಾಗಿದೆ ಎಂದು ತಾನೇ ನಾನು ಬಂದದ್ದು!

ಮತ್ತೊಬ್ಬರು ದಯೆತೋರಿ ಐದು ಸಾಲಿನ ಆಜ್ಞೆ ಕೊಟ್ಟರು. ಕಪ್ಪು ಕಿಟಕಿ ತೆರೆದು ಅದರಲ್ಲಿ ಬರೆಯಬೇಕು. ಬರೆದೆ. ಗುಪ್ತಪದ ಕೇಳಿತು. ಒತ್ತಿದರೆ ಒಂದು ಚುಕ್ಕೆಯೂ ಬೀಳುವುದಿಲ್ಲ. ಕೀಲಿಮಣೆ ಸತ್ತಿತು ಅಂದುಕೊಂಡು ತಿರುಗಿಸಿ ಕೊಡವಿದೆ. ಅದು ಹಾಗೇ, ಪಕ್ಕದವರು ನೋಡಬಾರದೆಂದು ಏನೂ ತೋರಿಸುವುದಿಲ್ಲ ಎಂದು ಹತ್ತು ದಿನದ ಮೇಲೆ ತಿಳಿಯಿತು. ದೊಡ್ಡ ಎಫ್ ಬೇರೆ, ಸಣ್ಣ ಎಫ್ ಬೇರೆ ಎಂಬುದೂ ಹಾಗೆಯೇ ಪೆಟ್ಟು ತಿಂದು ಕಲಿತದ್ದು. ಇವನ್ನು ಯಾರೂ ಮುಚ್ಚಿಟ್ಟವರಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡವರು. ಹಿಡಿಸೋಷ್ಟು ಬೆಲ್ಲ, ಹದಕ್ಕೆ ಬರೋಗಂಟ ಉರಿ! ಸಾವಿರಾರು ಮೈಲಿ ಆಚೆ ಕೂತ ಆ ಗಂಡಸರೂ ನಮ್ಮ ಅತ್ತೆಯೂ ಒಂದೇ ಪಾಠಶಾಲೆಯವರು ಎಂದು ಆಗ ಅನ್ನಿಸಿತು. ವ್ಯತ್ಯಾಸವೆಂದರೆ, ಅತ್ತೆ ಗದರಿದ ಮೇಲೆ ಎದ್ದುಬಂದು ತಾವೇ ಸೌಟು ಹಿಡಿದು ತೋರಿಸುತ್ತಿದ್ದರು.

ಕೊನೆಗೆ ಒಬ್ಬರು, ಮೊದಲು ಇದನ್ನು ಓದಿಕೊಂಡು ಬನ್ನಿ ಎಂದು ಒಂದು ಉದ್ದನೆಯ ಲೇಖನದ ವಿಳಾಸ ಕೊಟ್ಟರು. ಎರಿಕ್ ರೇಮಂಡ್ ಎಂಬವರು 2001ರಲ್ಲಿ ಬರೆದದ್ದು, ಬುದ್ಧಿವಂತಿಕೆಯಿಂದ ಪ್ರಶ್ನೆ ಕೇಳುವುದು ಹೇಗೆ ಅಂತ. ಅಂದರೆ ನಾನು ಕೇಳಿದ್ದು ದಡ್ಡತನದ್ದು ಎಂದಾಯಿತಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮವರು ಮಗ್ಗುಲಾಗಿ, "ಪುಕ್ಕಟೆ ಹೇಳೋರ ಮೇಲೆ ಏನು ಸಿಟ್ಟು ಮಾಡ್ಕೊಳ್ತೀಯೆ? ಸಂಬಳ ಕೊಟ್ಟಿದೀಯಾ?" ಎಂದರು. ಅದೇ ನೋಡಿ ಸಂಕಟ. ದುಡ್ಡು ಕೊಟ್ಟಿದ್ದರೆ ಅಂಗಡಿಯ ಮುಂದೆ ನಿಂತು ಜಗಳವಾಡಬಹುದು. ಧರ್ಮಕ್ಕೆ ಕೊಡುವವನ ಮುಂದೆ ಬಾಯಿ ಬಿಡುವಂತಿಲ್ಲ. ಅವನು ಒಂದು ಮಾತು ಹೆಚ್ಚು ಅಂದರೂ ನುಂಗಿಕೊಳ್ಳಬೇಕು. ನುಂಗಿಕೊಳ್ಳುವ ಅಭ್ಯಾಸ ನಮಗೆ ಹೊಸದಲ್ಲ ಬಿಡಿ.

ಆದರೆ ನ್ಯಾಯ ಹೇಳಬೇಕು. ಮರುದಿನ ನಿಘಂಟು ಇಟ್ಟುಕೊಂಡು ಆ ಲೇಖನ ಓದಿದೆ. ಧಾಟಿ ಖಾರ, ಹುರುಳಿದೆ. ಏನಾಯಿತು ಎಂಬುದನ್ನು ಹೇಳು, ಏಕಾಯಿತು ಎಂಬ ನಿನ್ನ ಊಹೆಯನ್ನು ಹೇಳಬೇಡ ಎಂಬುದು ಅದರಲ್ಲಿನ ಒಂದು ಮಾತು. ಡಾಕ್ಟರ ಹತ್ತಿರ ಹೋಗಿ "ನನಗೆ ಪಿತ್ತ ಆಗಿದೆ" ಅನ್ನುತ್ತೇವಲ್ಲ, ಹಾಗೆ ಅನ್ನಬಾರದು, ಬೆಳಿಗ್ಗೆ ಎದ್ದಾಗ ತಲೆ ಸುತ್ತುತ್ತದೆ, ಊಟವಾದ ಮೇಲೆ ನಿಲ್ಲುತ್ತದೆ ಅನ್ನಬೇಕು. ಏನೇನು ಮಾಡಿ ನೋಡಿದೆ ಎಂದು ಮೊದಲೇ ತಿಳಿಸು, ಸರಿಹೋದ ಮೇಲೆ ಹೇಗೆ ಸರಿಹೋಯಿತೆಂದು ಬಂದು ಹೇಳು, ಮುಂದಿನವರಿಗೆ ಅನುಕೂಲ ಎಂದೂ ಇತ್ತು. "ನನ್ನ ಕನ್ನಡ ಕೆಟ್ಟಿದೆ" ಎಂಬ ನನ್ನ ಪತ್ರ ಓದಿದವರಿಗೆ ಏನು ಅರ್ಥವಾಗಿರಬೇಕು? ನಾನೇ ನಕ್ಕೆ.

ಈ ಖಾರದ ಮಾತು ಹೆಂಗಸರಿಗೆ ಹೆಚ್ಚು ನಾಟುತ್ತದೆ ಎಂಬುದು ನನ್ನೊಬ್ಬಳ ಅನುಭವವಲ್ಲವೆಂದೂ ತಿಳಿಯಿತು. 1999ರಲ್ಲೇ ಡೆಬ್ ರಿಚರ್ಡ್‌ಸನ್ ಎಂಬಾಕೆ, ಲಿನಕ್ಸ್ ಕೂಟಗಳ ಒರಟುತನ ಸಾಕಾಗಿ, ಲಿನಕ್ಸ್‌ಚಿಕ್ಸ್ ಎಂದು ಹೆಂಗಸರದೇ ಒಂದು ಬಳಗ ಕಟ್ಟಿದರಂತೆ. ಅದಕ್ಕೆ ಇದ್ದದ್ದು ಎರಡೇ ಕಟ್ಟಳೆ. ಸೌಜನ್ಯದಿಂದಿರಿ, ನೆರವಾಗಿ. ಬೆಂಗಳೂರಿನಲ್ಲೂ 2001ರಿಂದ ಹಲವು ವರ್ಷ ದೊಡ್ಡ ದೊಡ್ಡ ಲಿನಕ್ಸ್ ಸಮ್ಮೇಳನಗಳು ನಡೆದಿದ್ದವು. ಹೊಳೆನರಸೀಪುರಕ್ಕೆ ಅದರ ಗಾಳಿ ಬೀಸಿದ್ದು ನಾನು ಕಾಣೆ.

ಕಾಸರಗೋಡಿನ ಕಡೆ ಕೊಟ್ಟ ನನ್ನ ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅವಳು ಅಲ್ಲಿ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. "ಅಯ್ಯೋ ಅಕ್ಕ, ನಮ್ಮ ಶಾಲೇಲಿ ಇರೋದೇ ಲಿನಕ್ಸ್" ಅಂದಳು! ಕೇರಳದ ಶಾಲೆಗಳಿಗೆ 2000ರ ದಶಕದಲ್ಲೇ ಅದು ಬಂದಿದೆ. ಕೈಟ್ ಎಂಬ ಸರ್ಕಾರದ ಸಂಸ್ಥೆಯೇ ಟೀಚರುಗಳಿಗೆ ತರಬೇತಿ ಕೊಡುತ್ತದೆ. ಮಾಸ್ಟರ್ ಟ್ರೈನರ್ ಎಂಬವರಿದ್ದಾರೆ, ಕಷ್ಟ ಬಂದರೆ ಕೇಳುವುದು ಅವರನ್ನೇ. ಕಪ್ಪು ಕಿಟಕಿಯೊಂದು ಭೂತವೆಂದು ಅವಳಿಗೆ ಅನ್ನಿಸಿಯೇ ಇಲ್ಲ. ಕೇಳಲು ಮುಖವಿರುವ ಒಬ್ಬ ಮನುಷ್ಯ ಇದ್ದರೆ ಎಷ್ಟು ವ್ಯತ್ಯಾಸ ನೋಡಿ. ಆದರೆ ನನ್ನ ಪೌಂಡಿನ ಗುರುತಿನ ವಿಷಯ ಅವಳಿಗೂ ಗೊತ್ತಾಗಲಿಲ್ಲ. ಅವರ ಮಕ್ಕಳು ಬರೆಯುವುದು ಹೊಸ ರೀತಿಯ ಕನ್ನಡ, ನುಡಿಯ ಹಳೆಯ ಕಡತ ಅವರ ಕೈಗೆ ಬಂದಿಲ್ಲ.

ಇಷ್ಟರಲ್ಲಿ ಮಾರ್ಗಶಿರ ಕಳೆಯಿತು. ನಾದಿನಿ ಎರಡು ದಿನಕ್ಕೊಮ್ಮೆ ಕೇಳುವಳು. ನಾನು ಆಗುತ್ತೆ ಆಗುತ್ತೆ ಅನ್ನುವೆ. ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ಅಮ್ಮನ ಹಾಡು ಹೋಯ್ತಾ ಅತ್ತಿಗೆ?" ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದು ನಾನು ಕೇಳಿಲ್ಲ.

ಅರಕಲಗೂಡಿನಲ್ಲಿ ಅತ್ತೆಯ ತವರಿನವರ ಮನೆಯಲ್ಲಿ ಒಂದು ತಿಥಿ. ಅವರೆಕಾಯಿ ಕಾಲ, ಬಸ್ಸಿನ ತುಂಬ ಸೊಗಡು. ಯಾರಿಗಾದರೂ ಒಂದಾದರೂ ಹಾಡು ನೆನಪಿದೆಯೋ ಕೇಳೋಣವೆಂದು ಹೋದೆ. ಒಬ್ಬ ಅಜ್ಜಿಗೆ ಎರಡು ಸಾಲು ನೆನಪಿತ್ತು, ಮೂರನೆಯದಕ್ಕೆ ತಡವರಿಸಿದರು. ವಾಪಸು ಬರುವಾಗ ತಾಲ್ಲೂಕು ಕಛೇರಿಯ ಹತ್ತಿರ, ಅರ್ಜಿ ಟೈಪು ಮಾಡಿಕೊಡುವ ಸಣ್ಣ ಅಂಗಡಿಯಲ್ಲಿ ಒಬ್ಬಾಕೆ ಕೂತು ಕುಟ್ಟುತ್ತಿದ್ದುದು ಕಣ್ಣಿಗೆ ಬಿತ್ತು. ಬೆರಳೋಡುವ ರೀತಿ ನೋಡಿಯೇ ತಿಳಿಯಿತು, ಅದು ನುಡಿ! ಅ.ನ.ಕೃ. ಅವರ ಮನೆತನದ ಊರು ಅರಕಲಗೂಡು. ಅವರ ಹೆಸರಿನ ಮೊದಲ 'ಅ' ಈ ಊರೇ. ಅಲ್ಲಿ ನನ್ನ ಕನ್ನಡಕ್ಕೊಂದು ದಾರಿ ಸಿಕ್ಕದಿರುತ್ತದೆಯೇ ಎಂದು ಒಳಗೆ ಹೋದೆ.

ಪರ್ಸಿನಲ್ಲಿದ್ದ ಪೆನ್‌ಡ್ರೈವ್ ಕೊಟ್ಟೆ. ಆಕೆ ಕಡತ ತೆರೆದಳು. ತೆರೆದದ್ದೇ ತಡ, ಪರದೆಯ ಮೇಲೆ ಕನ್ನಡ. ಅತ್ತೆಯ ಮಾತು. ನಾನು ತೆರೆಯಲು ಹೇಳಿದ್ದು ಅಡಿಗೆಯ ಭಾಗ. ಮೊದಲು ಕಂಡ ಸಾಲು, "ಹದ ಗೊತ್ತಾಗ್ದಿದ್ರೆ ನನ್ನ ಕೇಳು. ಏ, ಹಾಲು ಉಕ್ತೇನೋ ನೋಡು ಹೋಗೇ." ಅಂದು ಹಾಗೇ ಟೈಪು ಮಾಡಿದ್ದೆನಲ್ಲ. ಅಂಗಡಿಯಲ್ಲಿ ನಾಲ್ಕು ಜನ ಅರ್ಜಿ ಹಿಡಿದು ನಿಂತಿದ್ದರು. ಅವರ ಮುಂದೆಯೇ ಸೆರಗಿನಿಂದ ಕಣ್ಣೊರೆಸಿಕೊಂಡೆ.

"ನಿಮ್ಮ ಕನ್ನಡ ಕೆಟ್ಟಿಲ್ಲ ಕಣಮ್ಮ, ಉಟ್ಟಿದ್ದ ಸೀರೆ ಕಳಚಿದೆ ಅಷ್ಟೇ" ಎಂದಳಾಕೆ. ಎಷ್ಟು ಚೆಂದ ಹೇಳಿದಳು! ಹಳೆಯ ನುಡಿಯಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆಗಳೇ. ಅದರ ಮೇಲೆ ಕನ್ನಡದ ಆಕಾರ ತೊಡಿಸಿರುತ್ತಾರೆ. ಆ ಆಕಾರಗಳ ಕಡತಕ್ಕೇ ಫಾಂಟು ಅನ್ನುವುದು. ಅದು ಯಂತ್ರದಲ್ಲಿಲ್ಲದಿದ್ದರೆ ಒಳಗಿನ ಇಂಗ್ಲಿಷ್ ಬಯಲಾಗುತ್ತದೆ. ಯೂನಿಕೋಡ್ ಎಂಬ ಈಗಿನ ಪದ್ಧತಿಯಲ್ಲಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ. ತಮಾಷೆಯೆಂದರೆ ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದೂ, ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದೂ, ಲಿನಕ್ಸ್ ಹುಟ್ಟಿದ 1991ರಲ್ಲೇ. ನಾವು ಅದನ್ನು ಹಿಡಿಯಲು ತಡಮಾಡಿದೆವು.

ಆಕೆ ನುಡಿ ಫಾಂಟನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಳು. "ಆದ್ರೆ ನಿಮ್ಮ ಲಿನಕ್ಸ್‌ಗೆ ಹೇಗೆ ಹಾಕ್ಬೇಕೋ ನಂಗೊತ್ತಿಲ್ಲಮ್ಮ" ಎಂದಳು. ಎಷ್ಟು ಕೊಡಲಿ ಅಂದರೆ ಹತ್ತು ರೂಪಾಯಿ ಅಂದಳು. ಅದು ಅರ್ಜಿಯ ದರವಂತೆ.

ಈಗ ಇನ್ನರ್ಧ ಬೇಕು. ಅದು ಇದ್ದದ್ದು ಚನ್ನರಾಯಪಟ್ಟಣದಲ್ಲಿ, ನಾದಿನಿಯ ಮನೆಯ ಮೇಲಿನ ಬಾಡಿಗೆಯವರ ಮಗಳ ರೂಪದಲ್ಲಿ. ಹಾಸನದ ಎಂಜಿನಿಯರಿಂಗ್ ಕಾಲೇಜಿಗೆ ದಿನಾ ಓಡಾಡುವ ಹುಡುಗಿ. ಲಿನಕ್ಸ್ ಅವಳಿಗೆ ನೀರು ಕುಡಿದ ಹಾಗೆ. ನುಡಿ ಎಂಬ ಹೆಸರನ್ನೇ ಕೇಳಿರಲಿಲ್ಲ. ನಾದಿನಿ ಅವಳನ್ನು ಫೋನಿಗೆ ಕರೆತಂದಳು. ನಾನು ಈ ಸಲ ಡಾಕ್ಟರಿಗೆ ಹೇಳುವ ಹಾಗೆ ಹೇಳಿದೆ. ಏನು ಕಾಣುತ್ತಿದೆ, ಏನು ಮಾಡಿದೆ, ಅರಕಲಗೂಡಿನಲ್ಲಿ ಏನಾಯಿತು. ಅವಳು, "ಆಂಟಿ, ಮೇಲೆ ಫಾಂಟಿನ ಹೆಸರು ಬರೆದಿರೋ ಡಬ್ಬಿ ಇದೆಯಲ್ಲ, ಹೆಸರು ನೆಟ್ಟಗಿದೆಯಾ ಓರೆಯಾಗಿದೆಯಾ?" ಎಂದು ಕೇಳಿದಳು. ನೋಡಿದೆ. ನುಡಿ ಎಂದು ಇಂಗ್ಲಿಷಿನಲ್ಲಿ, ಓರೆಯಾಗಿ. "ಓರೆ ಇದ್ರೆ ಆ ಫಾಂಟು ನಿಮ್ಮ ಮನೇಲಿಲ್ಲ ಅಂತ ಅರ್ಥ ಆಂಟಿ." ಎರಡು ತಿಂಗಳು ದಿನಾ ನೋಡಿದ್ದೆ ಆ ಓರೆ ಅಕ್ಷರವನ್ನ! ಅರಕಲಗೂಡಿನಿಂದ ತಂದ ಕಡತದ ಮೇಲೆ ಎರಡು ಸಲ ಒತ್ತು ಎಂದಳು, ಒತ್ತಿದೆ. ಒಂದು ಗುಂಡಿ ಕಾಣಿಸಿತು, ಅದನ್ನೂ ಒತ್ತಿದೆ. ಮುಚ್ಚಿ ತೆರೆದರೆ ಅತ್ತೆ ಬಂದಿದ್ದರು. ಮೂರು ನಿಮಿಷ. ಕಪ್ಪು ಕಿಟಕಿಯ ಗೊಡವೆಯೇ ಬೇಕಾಗಿರಲಿಲ್ಲ.

ಹುಡುಗಿಗೆ ಹುಮ್ಮಸ್ಸು ಬಂತು. ಹೀಗೆ ಬಿಟ್ಟರೆ ಮುಂದೆ ಇನ್ನೊಂದು ಯಂತ್ರದಲ್ಲಿ ಮತ್ತೆ ಇದೇ ಗೋಳು, ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸೋಣ ಎಂದು ತಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಕಳಿಸಿದ್ದನ್ನು ಓದಿದರೆ, "ಅರ್ಧ ಪಾವು" ಇದ್ದಲ್ಲೆಲ್ಲ "ಅಧರ್ ಪಾವು." "ಸೂರ್ಯ" ಹೋಗಿ "ಸೂಯರ್." ಆರತಿ ಹಾಡಿನಲ್ಲಿ "ಕರ್ಪೂರ" ಇದ್ದ ಕಡೆ "ಕಪೂರ್ರ." ಹಸೆಮಣೆಯ ಮೇಲೆ ರಾಜ್ ಕಪೂರ್ ಬಂದು ಕೂತಂತಾಯಿತು! "ಅರ್ಕಾವತ್ತು ಹಿಂದುಮುಂದಾಗಿದೆ ಕಣಮ್ಮ" ಎಂದೆ. "ಅರ್ಕಾವತ್ತು ಅಂದ್ರೇನು ಆಂಟಿ?" ಎಂದಳು. ಇಂಗ್ಲಿಷ್ ಮೀಡಿಯಂ ಹುಡುಗಿ. ಬಾಯಲ್ಲಿ ಮೊದಲು ಬರುವ ರಕಾರವನ್ನು ಕಣ್ಣಿಗೆ ಕೊನೆಯಲ್ಲಿ ಬರೆಯುತ್ತೇವೆ, ಹಳೆಯ ನುಡಿ ಕಣ್ಣಿಗೆ ಕಂಡ ಹಾಗೆ ಇಡುತ್ತದೆ, ನಿನ್ನ ಹೊಸದು ಬಾಯಲ್ಲಿ ಅಂದ ಹಾಗೆ ಇಡಬೇಕು ಎಂದು ಬಿಡಿಸಿ ಹೇಳಿದೆ. "ಓ! ಹಿಂದಕ್ಕೆ ಒಂದು ಮನೆ ಸರಿಸ್ಬೇಕು!" ಎಂದು ಕೂಗಿಕೊಂಡಳು. ಮಾರನೆಯ ದಿನ ಅರ್ಧ ಅರ್ಧವಾಗಿಯೇ ಬಂತು. ಇಂಥ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳು ಆಗಲೇ ಮಾಡಿ ಎಲ್ಲರಿಗೂ ಬಿಟ್ಟಿದ್ದಾರೆಂದು ಆಮೇಲೆ ಗೊತ್ತಾಯಿತು. ಮೊದಲೇ ಗೊತ್ತಿದ್ದರೆ ಸುಲಭವಾಗುತ್ತಿತ್ತು. ಆದರೆ ಲಿನಕ್ಸ್ ಪಂಡಿತೆಯೊಬ್ಬಳಿಗೆ ನಾನು ಹೇಳಿಕೊಟ್ಟದ್ದೂ ಒಂದಿದೆ ಎಂಬ ಖುಷಿ ತಪ್ಪುತ್ತಿತ್ತು.

ಪ್ರಿಂಟರಿನ ಕತೆ ಬೇರೆ. ಅದು ಲಿನಕ್ಸಿನ ಮಾತು ಇವತ್ತಿಗೂ ಕೇಳುತ್ತಿಲ್ಲ. ಪುಸ್ತಕವನ್ನು ಚನ್ನರಾಯಪಟ್ಟಣದಲ್ಲೇ ಅಚ್ಚು ಹಾಕಿಸಿದೆವು, 200 ಪ್ರತಿ. ಮದುವೆಯಲ್ಲಿ ಅತ್ತೆಯ ಹಾಡನ್ನು ನಾದಿನಿ ಪುಸ್ತಕ ನೋಡಿಕೊಂಡೇ ಹೇಳಿದಳು. ರಾಗ ಅಲ್ಲಲ್ಲಿ ತಪ್ಪಿತು. ಅದಕ್ಕೆ ಯಾವ ಫಾಂಟೂ ಇಲ್ಲ.

ಸರಿಹೋದ ಮೇಲೆ ಬಂದು ಹೇಳು ಎಂದು ರೇಮಂಡ್ ಬರೆದಿದ್ದರಲ್ಲ. ನಾನೂ ಬಳಗಕ್ಕೆ ಹೋಗಿ, ಹೀಗೆ ಹೀಗೆ ಮಾಡಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಲ, ಕೆಳಗೆ ಕನ್ನಡದಲ್ಲಿ ಒಂದು ಸಲ ಬರೆದೆ. ಒಂದು ವಾರ ಯಾರೂ ಏನೂ ಅನ್ನಲಿಲ್ಲ. ಆಮೇಲೆ, ಆವೃತ್ತಿ ಕೇಳಿ ಮಾಯವಾಗಿದ್ದರಲ್ಲ, ಆ ಎರಡು ಪದದ ಮಹಾನುಭಾವರು, ಮತ್ತೆ ಎರಡೇ ಪದ ಬರೆದರು. ತುಂಬ ಸಂತೋಷ, ಅಂತ.

ಈಗ ಊರಿನಲ್ಲಿ ನನ್ನ ಹೆಸರು ಕೆಟ್ಟಿದೆ. ಸ್ತ್ರೀಶಕ್ತಿ ಸಂಘದವರು ತಮ್ಮ ಹಳೆಯ ನಡವಳಿ ಪುಸ್ತಕದ ಕಡತ ತರುತ್ತಾರೆ, ಮಾಸ್ತರರೊಬ್ಬರು ಪ್ರಶ್ನೆಪತ್ರಿಕೆ ತರುತ್ತಾರೆ. ಮೊನ್ನೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಸಂಘದ ಕಾರ್ಯದರ್ಶಿಯ ಫೋನು. "ಅಕ್ಕಾ, ನಮ್ಮ ಕಂಪ್ಯೂಟರಲ್ಲಿ ಎಲ್ಲ ಹಾಳಾಗಿದೆ, ಏನ್ ಮಾಡ್ಲಿ?" ಅದೂ ಮೂರನೆಯ ಸಲ. "ಹೋದ ವಾರ ಬರೆದು ಕೊಟ್ಟಿದ್ನಲ್ಲಾ, ಮೊದಲು ಅದನ್ನ ಓದ್ರೀ!" ಎಂದುಬಿಟ್ಟೆ. ಸಾಸಿವೆ ಸಿಡಿಯಿತು. ಆಚೆ ಕಡೆ ಸದ್ದಿಲ್ಲ.

ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತೆ. "ಇರ್ಲಿ ಬಿಡಿ. ಪರದೆ ಮೇಲೆ ಏನ್ ಕಾಣ್ತಿದೆ, ಒಂದೊಂದೇ ಅಕ್ಷರ ಹೇಳಿ" ಎಂದೆ.

"ಪೌಂಡಿನ ಗುರುತು ಥರ ಒಂದಿದೆ ಅಕ್ಕಾ..."